ತಗಡಿನ ಪ್ರಕಾರ ಚಹಾ

ಕಳೆದ ಅಕ್ಟೋಬರ್ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ, ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ನಡೆದ ಪಾನನಿರೋಧ ಸಭೆಯಲ್ಲಿ, ಒಬ್ಬರನ್ನು ಬಿಟ್ಟು ಹಾಜರಿದ್ದವರೆಲ್ಲ ಬಲಗೈ ಮುಂದೆ ಚಾಚಿ, ಇನ್ನು ಮುಂದೆ ಚಹಾ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಸಭೆ ಮುಗಿದ ಹತ್ತು ನಿಮಿಷಕ್ಕೆ ಅವರೆಲ್ಲ ಮೇಲಿನ ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಪ್ರತಿಜ್ಞೆ ಬೋಧಿಸಿದವರು ಮನೆಯ ಯಜಮಾನರು. ಚಹಾ ಮಾಡಿಕೊಟ್ಟವರು ಅವರ ಹೆಂಡತಿ.

"ಈಗ ತಾನೇ ಪ್ರತಿಜ್ಞೆ ಮಾಡಿದಿರಲ್ಲ?" ಎಂದು ಯಜಮಾನರು ಒಬ್ಬ ಇಂಜಿನಿಯರನ್ನು ಅಡ್ಡಗಟ್ಟಿ ಕೇಳಿದರು.

"ಪ್ರತಿಜ್ಞೆ ಮಾಡಿದ್ದು ಬಲಗೈ ಅಂಕಲ್. ಕಪ್ ಎಡಗೈಲಿದೆ ನೋಡಿ."

ನಾನೂ ಅವರನ್ನು ಅಂಕಲ್ ಎಂದೇ ಕರೆಯುತ್ತೇನೆ, ಅವರ ಹೆಂಡತಿಯನ್ನು ಆಂಟಿ ಎಂದು. ಈ ಸೀಮೆಯಲ್ಲಿ ನಮಗಿಂತ ಹಿರಿಯರಾದ ಭಾರತೀಯರೆಲ್ಲರೂ ಅಂಕಲ್, ಆಂಟಿಯರೇ. ಆದರೆ ಇಡೀ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಬ್ರಿಟಿಷರ ವಿರುದ್ಧ ಇನ್ನೂ ಹೋರಾಟ ನಡೆಸುತ್ತಿರುವವರು ಈ ಅಂಕಲ್ ಒಬ್ಬರೇ ಎಂದು ಧೈರ್ಯವಾಗಿ ಹೇಳಬಲ್ಲೆ! ಸ್ವಾತಂತ್ರ್ಯ ಬಂದ ಸುದ್ದಿ ಅವರಿಗೆ ತಲುಪಿಲ್ಲವೆಂದಲ್ಲ. ಬ್ರಿಟಿಷರು ಹೊರಟುಹೋದರು, ಅವರ ಜಾಹೀರಾತು ಹೋಗಲಿಲ್ಲ ಎಂಬುದು ಅವರ ದೂರು.

"ಚಹಾ ಅನ್ನೋದು ಒಂದು ಜಾಹೀರಾತು ಕಣಮ್ಮ," ಎಂದು ಮೊದಲ ಭೇಟಿಯಲ್ಲೇ ನನಗೆ ತಿಳಿಸಿದ್ದರು. "ಬೇರೆಯವರು ಜಾಹೀರಾತು ನೋಡ್ತಾರೆ. ನಾವು ಕುಡಿದುಬಿಟ್ವಿ."

ನಾನು ಹಿಂದೆ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡಿದವಳು. ಎರಡೂ ಕಡೆಯ ಹೇಳಿಕೆ ಪಡೆಯದೆ ಬರೆಯುವ ಅಭ್ಯಾಸವಿಲ್ಲ. ಧಾರವಾಡದವರಾದ ಆಂಟಿಯನ್ನು ಕೇಳಿದೆ. ಅವರ ಹೇಳಿಕೆ ಹೀಗಿತ್ತು: "ಅವರು ಮೈಸೂರವರು ತಂಗಿ. ಕಾಫಿ ಕುಡೀತಾರ. ಅಷ್ಟ ಸುದ್ದಿ. ಉಳಿದದ್ದೆಲ್ಲಾ ಭಾಷಣ."

ಆದರೆ ಜಗಳದ ಬೇರು ಇನ್ನೂ ಆಳದಲ್ಲಿದೆ. ಅಂಕಲ್ ಅವರ ಅಜ್ಜ ಬ್ರಿಟಿಷರ ಕಾಲದಲ್ಲಿ ಮೈಸೂರು ಸೀಮೆಯ ಪಾನನಿರೋಧ ಪ್ರಚಾರಕರು. ಸಂಜೆಯಾದರೆ ಹೆಂಡದಂಗಡಿಯ ಎದುರಿಗೆ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ, ಲಾಂದ್ರದ ಬೆಳಕಿನಲ್ಲಿ ಗಾಜಿನ ಚಿತ್ರ ತೋರಿಸುತ್ತಿದ್ದರಂತೆ. ಮೊದಲ ಚಿತ್ರದಲ್ಲಿ ಗಂಡನ ಕೈಯಲ್ಲಿ ಮಡಕೆ. ಎರಡನೆಯದರಲ್ಲಿ ಹೆಂಡತಿಯ ಕೊರಳು ಬೋಳು. ಮೂರನೆಯದರಲ್ಲಿ ಮನೆಗೆ ಸೂರಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಹೀಗೆ ಪ್ರಚಾರ ರಂಗೇರಿದ್ದಾಗ ಒಂದು ಸಂಜೆ ಚಹಾ ಕಂಪನಿಯ ಗಾಡಿ ಬಂದು ಪಕ್ಕದಲ್ಲೇ ನಿಂತಿತು. ಪುಕ್ಕಟೆ ಚಹಾ, ಬಣ್ಣಬಣ್ಣದ ಜಾಹೀರಾತು ತಗಡು, ಜೊತೆಗೊಂದು ಗ್ರಾಮಾಫೋನು. ಹೆಂಡ ಬಿಡಿ, ಚಹಾ ಕುಡಿಯಿರಿ ಎಂದು ಅವರೂ ಕೂಗಿದರು. ಮರುದಿನದಿಂದ ಅಜ್ಜನ ಸಭೆಗೆ ಜಾತ್ರೆಯಂತೆ ಜನ! ಅಜ್ಜನಿಗೆ ಹಿಗ್ಗೋ ಹಿಗ್ಗು. ಗಾಡಿ ಮುಂದಿನ ಊರಿಗೆ ಹೊರಟ ದಿನ, ಪಂಚೆಯ ಮುಂದೆ ಲಾಂದ್ರ ಹಿಡಿಯುವವನೊಬ್ಬನೇ ಉಳಿದಿದ್ದನಂತೆ.

ಆ ಅವಮಾನವನ್ನು ಅಜ್ಜ ಮರೆಯಲಿಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಹೆಂಡ ಮುಟ್ಟುವುದಿಲ್ಲ, ಚಹಾ ಮುಟ್ಟುವುದಿಲ್ಲ" ಎಂದು ಕೈಯಲ್ಲಿ ಕೈಯಿಟ್ಟು ಭಾಷೆ ತೆಗೆದುಕೊಂಡರು.

ಈ ಕಥೆಯನ್ನು ಅಂಕಲ್ ಹೇಳುವಾಗಲೆಲ್ಲ ಆಂಟಿಯದು ಒಂದೇ ಪ್ರತಿಕ್ರಿಯೆ: "ಅಜ್ಜಾರು ಭಾಷಣ ಸಣ್ಣದು ಮಾಡಿದ್ರ ಮಂದಿ ನಿಲ್ತಿದ್ರು."

ಇಲ್ಲಿ ಓದುಗರು ಒಂದು ಪದವನ್ನು ಗಮನಿಸಬೇಕು. ಭಾಷೆ ಕೊಟ್ಟದ್ದು ಕುಡಿಯುವುದಿಲ್ಲ ಎಂದಲ್ಲ, ಮುಟ್ಟುವುದಿಲ್ಲ ಎಂದು. ಅಂಕಲ್ ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞರಾಗಿ ನಿವೃತ್ತರಾದವರು. ಅಲ್ಲಿ ಬರೆದಿಟ್ಟ ವಿಧಾನದಲ್ಲಿ ಏನಿದೆಯೋ ಅದನ್ನು ಅಕ್ಷರಶಃ ಮಾಡಬೇಕು. ಬರೆಯದೇ ಇರುವುದನ್ನು ಮಾಡಿದರೆ ಕೆಲಸ ಹೋಗುತ್ತದೆ. ಹಾಗಾಗಿ ಅವರು ಚಹಾಪುಡಿಯ ಡಬ್ಬವನ್ನು ಜರುಗಿಸಬೇಕಾದರೆ ಇಕ್ಕಳ ತರುತ್ತಾರೆ! ಒಮ್ಮೆ ಆಂಟಿ ಅಂಗಡಿಗೆ ಹೋದಾಗ ಡಬ್ಬ ಉರುಳಿ ನೆಲದ ತುಂಬ ಪುಡಿ ಚೆಲ್ಲಿತು. ಆಂಟಿ ಮರಳಿ ಬಂದಾಗ ಆ ಜಾಗದ ಸುತ್ತ ನಾಲ್ಕು ಕುರ್ಚಿಗಳಿದ್ದವು, ಕುರ್ಚಿಗಳಿಗೆ ದಾರ ಕಟ್ಟಿತ್ತು, ದಾರದಾಚೆ ಅಂಕಲ್ ಕಾವಲು ನಿಂತಿದ್ದರು.

"ಯಾರರೆ ಸತ್ತಾರೇನ್ರಿ?" ಎಂದು ಆಂಟಿ ಕೇಳಿದರು.

ಮದ್ಯದ ವಿಷಯದಲ್ಲೂ ಅಂಕಲ್ ಕೈಕಟ್ಟಿ ಕೂತವರಲ್ಲ. ಇಲ್ಲಿ ಫೆಬ್ರುವರಿಯಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯವಿರುತ್ತದೆ, ಪರಿಚಿತರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಆಟ ನಡೆಯುವಾಗ ಅಂಕಲ್ ಕಣ್ಣುಮುಚ್ಚಿ ಕೂರುತ್ತಾರೆ. ಜಾಹೀರಾತು ಬಂದ ಕೂಡಲೇ ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ಎರಡು ವರ್ಷದ ಹಿಂದೆ ಪರದೆಯ ಮೇಲೆ ಒಬ್ಬ ಬಿಯರ್ ಮುಚ್ಚಳ ತೆರೆದದ್ದೇ ತಡ, ಎಲ್ಲಿಂದಲೋ ಗೆಳೆಯರ ದಂಡೇ ಬಂದು ಕುಣಿಯಿತು. ಅಂಕಲ್ ನೇರವಾಗಿ ಆತಿಥೇಯರ ಕಡೆ ತಿರುಗಿದರು.

"ನೀವು ಎಷ್ಟು ವರ್ಷದಿಂದ ಕುಡೀತಿದ್ದೀರಿ?"

"ಕಾಲೇಜಿಂದ ಅಂಕಲ್. ಯಾಕೆ?"

"ಈ ತರ ಎಷ್ಟು ಜನ ಬಂದು ಕುಣಿದ್ರು?"

ಆತಿಥೇಯರು ಬಾಟಲಿ ಕೆಳಗಿಟ್ಟು ಗ್ಯಾರೇಜಿನ ಕಡೆ ಹೋದರು. ಅಂಕಲ್ ಇದನ್ನು ಚಳವಳಿಯ ವಿಜಯವೆಂದು ಇಂದಿಗೂ ಹೇಳುತ್ತಾರೆ. ಆತಿಥೇಯರ ಹೆಂಡತಿಯ ಪ್ರಕಾರ, ಇನ್ನೊಂದು ಬಾಟಲಿ ಗ್ಯಾರೇಜಿನಲ್ಲಿತ್ತು.

ಇನ್ನು ಬೇಸ್‌ಮೆಂಟಿನ ವಸ್ತುಸಂಗ್ರಹ. ಬೇರೆಯವರು ಬೇಸ್‌ಮೆಂಟಿನಲ್ಲಿ ಬಾರ್ ಕಟ್ಟಿಸುತ್ತಾರೆ. ಇವರು ಅದೇ ಜಾಗದಲ್ಲಿ ಬ್ರಿಟಿಷರ ಕಾಲದ ಎನಾಮಲ್ ಜಾಹೀರಾತು ತಗಡುಗಳನ್ನು ತೂಗುಹಾಕಿದ್ದಾರೆ. ಬಾಣಂತಿಗೆ ಬಲ ಕೊಡುವ ಟಾನಿಕ್ಕಿನ ತಗಡು ಅಲ್ಲಿದೆ. ಆ ಟಾನಿಕ್ಕು ಹೆಸರು ಬದಲಿಸಿಕೊಂಡ ಹೆಂಡವೆಂದು ಅಂಕಲ್ ಸಾಧಿಸಿ ತೋರಿಸುತ್ತಾರೆ. ಮೂರೇ ದಿನಕ್ಕೆ ಕಪ್ಪು ಮೈಯನ್ನು ಬಿಳಿ ಮಾಡುವ ಸೋಪಿನ ತಗಡಿದೆ. ಅಪರಾಧಿಗಳ ಸಾಲಿನ ನಟ್ಟನಡುವೆ, ಪ್ರತ್ಯೇಕ ದೀಪದ ಕೆಳಗೆ, ಮೊಳದುದ್ದದ ಒಂದು ಹಸಿರು ತಗಡು. ಸೀರೆಯುಟ್ಟ ಹೆಂಗಸು ನಗುತ್ತಾ ಬಟ್ಟಲು ಹಿಡಿದಿದ್ದಾಳೆ. ಕೆಳಗೆ ಅಚ್ಚಕನ್ನಡದಲ್ಲಿ ಚಹಾ ಮಾಡುವ ವಿಧಾನ, ಕ್ರಮವಾಗಿ. ಹಿಂದೆ ಇಂಥವನ್ನು ರೈಲು ನಿಲ್ದಾಣಗಳಲ್ಲಿ ಹಾಕುತ್ತಿದ್ದರು, ಜನರಿಗೆ ಚಹಾ ಮಾಡಲು ಕಲಿಸಬೇಕಿತ್ತಲ್ಲ!

ಅದನ್ನು ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ತರಿಸಿಕೊಟ್ಟವರು ಅಂಕಲ್ ಅವರ ಗೆಳೆಯರಾದ ಸಾಹೇಬರು. ಅವರೂ ಮೈಸೂರಿನವರೇ, ಕ್ರ್ಯಾನ್‌ಬರಿಯಲ್ಲಿ ಗೋದಾಮು ನಡೆಸುತ್ತಾರೆ. ಅಕ್ಟೋಬರ್ ಸಭೆಯಲ್ಲಿ ಪ್ರತಿಜ್ಞೆ ಮಾಡಲು ಒಪ್ಪದೆ ಹಿಂದಿನ ಸಾಲಿನಲ್ಲಿ ಕೂತಿದ್ದವರು ಇವರೊಬ್ಬರೇ.

"ಶರಾಬು ಬಿಡಿ ಅಂದ್ರೆ ನಮ್ಮ ಮನೇಲಿ ಅದು ಬಂದೇ ಇಲ್ಲ ಸಾರ್. ಚಾ ಬಿಡಿ ಅಂದ್ರೆ ಮಾತ್ರ ಕಷ್ಟ. ನಿಮ್ಮ ಮನೇನೇ ಬಿಡಬೇಕಾಗತ್ತೆ," ಎಂದರು. "ನಿಮ್ಮ ಮನೇಲಿ ಅಷ್ಟು ಒಳ್ಳೇ ಚಾ ಸಿಗೋವಾಗ ಬಿಡೋದು ಹೆಂಗೆ ಹೇಳಿ."

ಅಂಕಲ್ ಅವರ ಇಡೀ ಚಳವಳಿಗೆ ಬಗ್ಗದವರು ಆಂಟಿ. ಅವರ ಆಸೆಯೂ ಒಂದೇ ಇತ್ತು. ಅದನ್ನು ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾರೆ: "ಮದುವಿ ಆದಾಗಿಂದ ಇವರಿಗೆ ಕಾಫಿ ಮಾಡಿ ಕೊಟ್ಟೇನಿ. ನಾನೊಂದು ಕಪ್ ಚಾ ಇವರ ಕೈಲೆ ಕುಡೀಬೇಕು ನೋಡು."

ಅಂಕಲ್ ಪ್ರತಿ ಸಲವೂ ಅಜ್ಜನ ಕಡೆ ಕೈ ತೋರಿಸುತ್ತಿದ್ದರು. ಅಜ್ಜನ ಫೋಟೋ ನಡುಮನೆಯಲ್ಲೇ ಇದೆ.

ಜನವರಿಯಲ್ಲಿ ಆಂಟಿ ಡ್ರೈವ್‌ವೇಯ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ಬಂದರು, ಆದರೆ ಮಂಚ ಬಿಟ್ಟು ಏಳಲಿಲ್ಲ. ಥೆರಪಿಯವರು ಬಂದು ವಾಕರ್ ಮುಂದಿಟ್ಟರೆ ಮುಖ ತಿರುಗಿಸಿದರು. ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಕಷ್ಟವೆಂದು ಅವರು ಅಂಕಲ್‌ಗೆ ಹೇಳಿಹೋದರು. ಊಟದ ತಟ್ಟೆಯೂ ತಂದ ಹಾಗೇ ಅಡುಗೆಮನೆಗೆ ಮರಳುತ್ತಿತ್ತು. ನಾವು ಸ್ನೇಹಿತರು ಸರದಿಯಲ್ಲಿ ಹೋಗುತ್ತಿದ್ದೆವು. ಸಾಹೇಬರ ಮನೆಯಿಂದ ಫ್ಲಾಸ್ಕಿನಲ್ಲಿ ಬರುತ್ತಿದ್ದ ಚಹಾ ಮಾತ್ರ ಎರಡು ಗುಟುಕು ಇಳಿಯುತ್ತಿತ್ತು. ಅಂಕಲ್ ಭಾಷಣ ನಿಲ್ಲಿಸಿದ್ದರು. ಅದು ನಮಗೆಲ್ಲ ಇನ್ನೂ ಹೆಚ್ಚಿನ ಗಾಬರಿ.

ಫೆಬ್ರುವರಿಯ ಒಂದು ಸೋಮವಾರ ಹಿಮಬಿರುಗಾಳಿ ಬಂತು. ರಸ್ತೆಗಳೆಲ್ಲ ಬಂದ್. ಫ್ಲಾಸ್ಕು ಕ್ರ್ಯಾನ್‌ಬರಿಯ ಸಾಹೇಬರ ಮನೆಯಲ್ಲಿ, ನಾನು ಹಿಲ್ಸ್‌ಬರೋದಲ್ಲಿ. ಬೆಳಿಗ್ಗೆ ಅಂಕಲ್ ಅವರಿಂದ ವಿಡಿಯೋ ಕರೆ.

"ಅವಳು ನಿನ್ನೆಯಿಂದ ನೀರು ಬಿಟ್ಟು ಏನೂ ಕುಡಿದಿಲ್ಲಮ್ಮ. ನಾನು ಮಾಡ್ತೀನಿ. ನೀನು ನೋಡ್ತಿರು."

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದರು. ನೋಡುತ್ತೇನೆ, ಕೈಗೆ ಲ್ಯಾಬಿನ ನೀಲಿ ಗ್ಲೌಸ್! ಗ್ಲೌಸ್ ಹಾಕಿದರೆ ಅದು ಮುಟ್ಟಿದ ಹಾಗಲ್ಲ ಎಂದು ವಿವರಿಸಿದರು.

"ನಾನು ಹೇಳ್ತೀನಿ ಅಂಕಲ್. ಮೊದಲು ನೀರು..."

"ನೀನೊಂದು ಹೇಳ್ತೀಯ, ಇನ್ನೊಬ್ಬರೊಂದು ಹೇಳ್ತಾರೆ. ನನಗೆ ಬರೆದ ವಿಧಾನ ಬೇಕು."

"ಯೂಟ್ಯೂಬ್ ನೋಡಿ ಹಾಗಾದ್ರೆ."

"ಹಾಕಿದೆ. ಮೊದಲು ಜಾಹೀರಾತು ಬಂತು. ಮುಚ್ಚಿದೆ."

ಅಂಕಲ್ ಪರದೆಯಿಂದ ಮರೆಯಾದರು. ಮೆಟ್ಟಿಲು ಇಳಿದ ಸದ್ದು, ಏದುಸಿರು ಬಿಡುತ್ತ ಹತ್ತಿದ ಸದ್ದು. ಆಮೇಲೆ ಒಲೆಯ ಪಕ್ಕದಲ್ಲಿ ಸೀರೆಯುಟ್ಟ ಹೆಂಗಸು ನಗುತ್ತಿದ್ದಳು. ಆ ಮನೆಯಲ್ಲಿ ಚಹಾ ಮಾಡುವ ಬರೆದ ವಿಧಾನ ಇದ್ದದ್ದು ಅದೊಂದೇ!

ಜೀವಮಾನವಿಡೀ ಜಾಹೀರಾತು ನಂಬಬೇಡಿ ಎಂದು ಸಾರಿದ ಮನುಷ್ಯ, ಕನ್ನಡಕ ಏರಿಸಿಕೊಂಡು ಆ ತಗಡನ್ನು ಗಟ್ಟಿಯಾಗಿ ಓದಿ ಓದಿ ಒಂದೊಂದನ್ನೇ ಮಾಡಿದರು. ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದರು. ಪುಡಿಯನ್ನು ಚಮಚದಲ್ಲಿ ಅಳೆದು ಚಾಕುವಿನಿಂದ ಮಟ್ಟ ಮಾಡಿದರು. ಕುದಿದ ನೀರನ್ನು ಮೇಲೆ ಸುರಿದು, ಮುಚ್ಚಿ, ಗಡಿಯಾರ ನೋಡುತ್ತ ನಿಂತರು. ಕೊನೆಗೆ ತಣ್ಣನೆಯ ಹಾಲು, ನಾಲ್ಕು ಹನಿ.

ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಫೋನು. ಮಂಚದ ಹತ್ತಿರ ಹೋದರು. ಆಂಟಿ ಗ್ಲೌಸ್ ನೋಡಿದರು, ಕಪ್ ನೋಡಿದರು, ಒಂದು ಗುಟುಕು ಕುಡಿದರು. ಕಪ್ ವಾಪಸ್ ಕೊಟ್ಟರು.

"ಏನ್ರೀ ಇದು?"

"ಚಹಾ."

"ಚಾಕ್ಕ ಇದರ ಸುದ್ದಿ ತಿಳಿದದೇನು?"

"ತಗಡಿನ ಪ್ರಕಾರ ಸರಿಯಾಗಿದೆ ಕಣೇ. ನಾಲ್ಕು ಸಲ ಓದಿದೆ."

"ಹಂಗಾದ್ರ ತಗಡಿಗೇ ಕುಡಸ್ರಿ."

ಅಂಕಲ್ ಮುಖ ಸಣ್ಣದಾಯಿತು. ಅದನ್ನು ಕಂಡು ಆಂಟಿಗೆ ನಗು ಬಂತು. ಮೊದಲು ಹೊಟ್ಟೆಯೊಳಗೆ, ಆಮೇಲೆ ಜೋರಾಗಿ, ಸೊಂಟ ಹಿಡಿದುಕೊಂಡು. ನಗು ನಿಂತ ಮೇಲೆ, "ಆ ವಾಕರ್ ಇತ್ತ ಕೊಡ್ರಿ," ಎಂದರು. "ಇವರ ಕೈಲೆ ಕುಡಿಯೂದಾದ್ರ ಮೊದಲ ಕಲಿಸಬೇಕು."

ಮಂಚದಿಂದ ಒಲೆಯವರೆಗೆ ಅವರು ನಡೆದದ್ದನ್ನು ನಾನು ಅಂಕಲ್ ಅವರ ಫೋನಿನಲ್ಲಿ ಕಂಡೆ. ಒಲೆಯ ಬಳಿ ಕುರ್ಚಿಯಲ್ಲಿ ಕೂತು ಆಂಟಿ ಆಜ್ಞೆ ಶುರುಮಾಡಿದರು. ನೀರು ಹಾಲು ಕೂಡಿಸಿ ಇಡ್ರಿ. ಪುಡಿ ಹಾಕ್ರಿ, ಅಳೀಬ್ಯಾಡ್ರಿ. ಕುದೀಲಿ, ಇನ್ನೂ ಕುದೀಲಿ. ಶುಂಠಿ ಜಜ್ಜುವಾಗ ಗ್ಲೌಸಿನ ಬೆರಳು ಕಲ್ಲಿಗೆ ಸಿಕ್ಕಿ ಜಾರುತ್ತಿತ್ತು.

"ಅವನ್ನ ತಗೀರಿ."

ಅಂಕಲ್ ಒಮ್ಮೆ ನಡುಮನೆಯ ಕಡೆ, ಅಜ್ಜನ ಫೋಟೋ ಇರುವ ಕಡೆ ನೋಡಿದರು. ಗ್ಲೌಸ್ ತೆಗೆದು ಕಸದ ಬುಟ್ಟಿಗೆ ಹಾಕಿದರು.

ಆಂಟಿ ಏಪ್ರಿಲ್‌ನಿಂದ ವಾಕರ್ ಇಲ್ಲದೆ ನಡೆಯುತ್ತಿದ್ದಾರೆ. ಬೆಳಗಿನ ಚಹಾ ಅಂಕಲ್ ಮಾಡುತ್ತಾರೆ, ತಾವು ಕಾಫಿಯನ್ನೇ ಕುಡಿಯುತ್ತಾರೆ. ಹಸಿರು ತಗಡು ಒಲೆಯ ಮೇಲಿನ ಗೋಡೆಯಲ್ಲಿದೆ. ಅದರ ಕೊನೆಯ ಸಾಲಿನ ಕೆಳಗೆ ಆಂಟಿಯ ಕೈಬರಹದಲ್ಲಿ ಕಪ್ಪು ಮಾರ್ಕರಿನಿಂದ ಬರೆದಿದೆ: "ಎಲ್ಲಾ ಸುಳ್ಳು. ಕುದಿಸಬೇಕು."

ಕಳೆದ ಶನಿವಾರ ಬೇಸ್‌ಮೆಂಟಿನಲ್ಲಿ ಮತ್ತೆ ಪಾನನಿರೋಧ ಸಭೆ ನಡೆಯಿತು. ತಗಡುಗಳ ಸಾಲಿನ ನಟ್ಟನಡುವಿನ ಜಾಗ ಖಾಲಿ ಇದೆ. ಪ್ರತ್ಯೇಕ ದೀಪ ಉರಿಯುತ್ತಿದೆ. ಅದರ ಕೆಳಗೆ ಅಂಕಲ್ ಒಂದು ಚೀಟಿ ಅಂಟಿಸಿದ್ದಾರೆ: "ಈ ವಸ್ತು ಸದ್ಯ ಬಳಕೆಯಲ್ಲಿದೆ."