ಕಂಪ್ಯೂಟರಿನಲ್ಲಿ ಗೇಟಿನ ಎತ್ತರ ಬದಲಾಗದಿದ್ದಲ್ಲಿ ಅನುಸರಿಸತಕ್ಕ ಕ್ರಮ

ಕಾಲುವೆ ಗಣಕ ವಿಭಾಗ, ಯಾದಗಿರಿ
ಸಂಖ್ಯೆ: ಕಾಗವಿ/ದೋಷ/ಎತ್ತರ/೧೭(ಅ)

ವಿಷಯ: ಪ್ರೋಗ್ರಾಂನಲ್ಲಿ 'ಗೇಟು' ಎಂಬ ವಸ್ತುವಿನ 'ಎತ್ತರ' ಎಂಬ ಗುಣವನ್ನು ಬದಲಿಸುವಾಗ ಬರುವ ದೋಷಗಳ ನಿವಾರಣೆ.

ಉಲ್ಲೇಖ: ಕಾಲುವೆಯ ಕೊನೆಯ ಹೊಲದ ರೈತ ಮಹಿಳೆ ಗೊಲ್ಲಾಳಮ್ಮ ಇವರ ಮೌಖಿಕ ಅಹವಾಲು: "ನೆಲ್ಲು ತೆನಿ ಹಾಕಾಕತ್ತದ. ಶನಿವಾರದೊಳಗ ನೀರು ಬರಲಿಲ್ಲಂದ್ರ ಬರೇ ಹುಲ್ಲು ಕೊಯ್ಯೂದು ಆಗ್ತದ್ರಿ."

ಶಹಾಪುರ ಕಚೇರಿಯ ಕಂಪ್ಯೂಟರಿನಿಂದ, ಕಾಲುವೆಗೆ ನೀರು ಬಿಡುವ ಗೇಟಿನ ಎತ್ತರವನ್ನು ಸೊನ್ನೆಯಿಂದ ಎರಡು ಅಡಿಗೆ ಬದಲಿಸಲು ಹೋದಾಗ ಪ್ರೋಗ್ರಾಂ ನಿರಾಕರಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಂಬಂಧಿಸಿದ ಎಲ್ಲರಿಗೆ ತಿಳಿಯಪಡಿಸುವುದೇನೆಂದರೆ:

೧. ಎತ್ತರದ ಜಾಗದಲ್ಲಿ ಅಂಕಿಯನ್ನು ಮಾತ್ರ ನಮೂದಿಸತಕ್ಕದ್ದು. ಆಪರೇಟರ್ ಸುಮಂಗಲಾ ಅವರು "ಎರಡು ಫೂಟ ಮ್ಯಾಲ ಏಳ್ರಿ" ಎಂದು ನಮೂದಿಸಿ, "ನೀರಿನ ತಾಯಿ ಗಂಗವ್ವನ ಬಾಗಲದು, ಬರೇ ಎರಡು ಅಂತ ಹ್ಯಾಂಗ ಹೇಳ್ಲಿರಿ?" ಎಂದು ವಿವರಣೆ ಸಲ್ಲಿಸಿರುತ್ತಾರೆ. ಗೌರವವನ್ನು ಕುರ್ಚಿಯಿಂದ ಎದ್ದು ನಿಂತು ಸೂಚಿಸಬಹುದಾಗಿದೆ.

೨. "ವಸ್ತು ಸಿಗುತ್ತಿಲ್ಲ" ಎಂಬ ದೋಷ ಬಂದಲ್ಲಿ, ಗೇಟು ಸ್ಥಳದಲ್ಲಿಯೇ ಇರುವುದನ್ನು ಇಬ್ಬರು ಪಂಚರ ಸಮಕ್ಷಮ ದೃಢೀಕರಿಸತಕ್ಕದ್ದು. ಗೇಟು ಕಾಯುವ ಮಾನಪ್ಪ ಫೋನಿನಲ್ಲಿ "ನಾ ಅದರ ಮ್ಯಾಲೇ ಕುಂತೀನ್ರಿ ಸಾಹೇಬ್ರ, ಎಲ್ಲಿಗಿ ಹೋಗ್ತದ?" ಎಂದಿರುವುದನ್ನು ಪಂಚನಾಮೆಯೆಂದು ಪರಿಗಣಿಸಲಾಗದು, ಮೇಲೆ ಕುಳಿತವರು ನಿಷ್ಪಕ್ಷಪಾತಿಗಳಲ್ಲ.

೩. ಕೀಬೋರ್ಡಿನ ಮೇಲೆ ಕಾಯಿ ಒಡೆಯುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಪಕ್ಕದಲ್ಲಿ ಒಡೆಯಲು ಅಭ್ಯಂತರವಿಲ್ಲ.

೪. "ಬೇರೊಂದು ಕಂಪ್ಯೂಟರ್ ಈ ವಸ್ತುವನ್ನು ತೆರೆದಿಟ್ಟುಕೊಂಡಿದೆ; ಅಲ್ಲಿ ಮುಚ್ಚಿದ ಬಳಿಕವೇ ಬದಲಾವಣೆ ಸಾಧ್ಯ" ಎಂಬ ದೋಷ ಪದೇ ಪದೇ ಬಂದಿರುತ್ತದೆ. ಆ ಕಂಪ್ಯೂಟರ್ ಈ ಕೆಳಗೆ ಸಹಿ ಮಾಡಿರುವವರದೇ ಎಂದು ತನಿಖೆಯಿಂದ ತಿಳಿದುಬಂದಿದೆ. ಮೇಲಧಿಕಾರಿಗಳು ಬಂದಾಗ ತೋರಿಸಲು ಗೇಟಿನ ಚಿತ್ರ ಸದಾ ಪರದೆಯ ಮೇಲಿರಬೇಕಾದ್ದರಿಂದ ಅದನ್ನು ಮುಚ್ಚಲು ಅವಕಾಶವಿರುವುದಿಲ್ಲ. ದೋಷದ ಸಂದೇಶವನ್ನೇ ಮುಚ್ಚತಕ್ಕದ್ದು.

೫. ಶುಕ್ರವಾರ ಯಾದಗಿರಿಯಲ್ಲಿ ಕರೆಂಟ್ ಹೋಗಿ ಸದರಿ ಕಂಪ್ಯೂಟರ್ ಬಂದ್ ಆದ ಕ್ಷಣದಲ್ಲಿ, ಶಹಾಪುರದಿಂದ ಕೊಟ್ಟ ಎತ್ತರ ಸ್ವೀಕೃತವಾಗಿ ಗೇಟು ಎದ್ದಿರುತ್ತದೆ. ನೀರು ಗೊಲ್ಲಾಳಮ್ಮನವರ ಗದ್ದೆ ಸೇರಿರುತ್ತದೆ. ದೋಷ ನಿವಾರಣೆಯ ಈ ವಿಧಾನಕ್ಕೆ ಮಂಜೂರಾತಿ ಇಲ್ಲದ ಕಾರಣ, ಸದರಿ ನೀರನ್ನು ಕಾಲುವೆಗೆ ಹಿಂದಿರುಗಿಸುವಂತೆ ಅವರಿಗೆ ಸೂಚಿಸಲಾಗಿದೆ. "ಬರ್ರಿ, ಬೊಗಸಿಲೆ ತುಂಬಿಕೊಂಡು ಹೋಗ್ರಿ" ಎಂಬ ಅವರ ಉತ್ತರ ಪರಿಶೀಲನೆಯಲ್ಲಿದೆ. ಬೊಗಸೆಯ ಅಳತೆ ಇನ್ನೂ ನಿಗದಿಯಾಗಬೇಕಿದೆ.

ಸಹಿ/-
(ವಿಶ್ವರಾಧ್ಯ)
ಮುಖ್ಯಸ್ಥರು, ಕಾಲುವೆ ಗಣಕ ವಿಭಾಗ

ಪ್ರತಿ:
೧. ಶಹಾಪುರ ಕಚೇರಿ: ಸೂಚನಾ ಫಲಕಕ್ಕೆ.
೨. ಸುರಪುರ ಶಾಖೆ: ಅಲ್ಲಿ ಗೇಟು ಇರುವುದಿಲ್ಲ, ಆದಾಗ್ಯೂ ಕಟ್ಟುನಿಟ್ಟಾಗಿ ಪಾಲಿಸಲು.
೩. ಗೊಲ್ಲಾಳಮ್ಮ: ಗದ್ದೆಯಲ್ಲಿ ಮೊಣಕಾಲಿನವರೆಗೆ ಕೆಸರಿದ್ದ ಕಾರಣ ಜವಾನರು ಪ್ರತಿಯನ್ನು ತಲುಪಿಸಲಾಗದೆ ಹಿಂದಿರುಗಿರುತ್ತಾರೆ.