ಕೆದಿಲಾಯ ಮಾಷ್ಟ್ರ ಗಾಜಿನ ಕಡಲಲ್ಲಿ ಜಮಖಾನೆ ಸಮರ

ಎಲೈ ಲವಣಗರ್ಭೆಯೇ, ತರಂಗಮಾಲಿನಿಯೇ, ಪಡುವಣ ಕಡಲ ತಾಯೇ! ನಿನ್ನ ಅಗಾಧ ಜಲರಾಶಿಯ ಒಂದು ತುಣುಕನ್ನು ಗಾಜಿನ ಪೆಟ್ಟಿಗೆಯಲ್ಲಿ ತುಂಬಿ, ಹಜಾರದ ಟೀವಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿ, ಅದಕ್ಕೆ ಟ್ಯೂಬ್‌ಲೈಟಿನ ಸೂರ್ಯನನ್ನೂ ಪಂಪಿನ ಅಲೆಗಳನ್ನೂ ಕರುಣಿಸಿದ ಧೀರನ ಕಥೆಯನ್ನು ಹೇಳಹೊರಟಿದ್ದೇನೆ. ನಾಲಗೆಗೆ ಬಲ ಕೊಡು. ಹೆಸರನ್ನೂ ತಿಳಿಯದೆ ಜೀವಿಗಳನ್ನು ಮನೆಗೆ ತಂದು, ಶೋಕಿ ತೀರುವ ಮುನ್ನವೇ ಕೊಂದು, ಮರುವಾರ ಇನ್ನೊಂದನ್ನು ತರುವ ನಿರ್ಲಜ್ಜ ಯುಗವಿದು. ಇಂಥ ಯುಗದಲ್ಲಿಯೂ, ಕುಲನಿರ್ಣಯ ಮಾಡದೆ ಯಾವ ಪ್ರಾಣಿಗೂ ಆಶ್ರಯ ಕೊಡಲಾರೆನೆಂದು ಪಣತೊಟ್ಟ ಮಹಾನುಭಾವನೊಬ್ಬ ಸುರತ್ಕಲ್ಲಿನಲ್ಲಿದ್ದನು. ಬೆತ್ತದಂಡಧರನೂ ವ್ಯಾಕರಣಕಂಠೀರವನೂ ಅಶುದ್ಧೋಚ್ಚಾರಣಭಯಂಕರನೂ ಆದ ಆ ನಿವೃತ್ತ ಕನ್ನಡ ಪಂಡಿತನ ಹೆಸರು ವಾಸುದೇವ ಕೆದಿಲಾಯ.

ಒಂದು ಭಾನುವಾರ ಆ ಗಾಜಿನ ಕಡಲನ್ನು ಅತಿಥಿಯೊಂದು ಹೊಕ್ಕಿತು. ಹೂವಿನಂತೆ ಕಾಣುವ, ಆದರೆ ಬಾಯುಳ್ಳ ಪ್ರಾಣಿ. ಬಟ್ಟಲಗಲದ ಮೈತುಂಬ ಗಿಡ್ಡ ಎಳೆಗಳು ಒತ್ತೊತ್ತಾಗಿ ನಿಂತು, ನೀರಿನಲ್ಲಿ ಯಾರೋ ಜಮಖಾನೆ ಹಾಸಿದಂತಿತ್ತು. ಅಂಗಡಿಯವನು ಅದನ್ನು 'ಕಾರ್ಪೆಟ್ ಅನಿಮೋನಿ' ಎಂದು ಕರೆದು ಕೈತೊಳೆದುಕೊಂಡಿದ್ದನು. ಆ ಕುಲದಲ್ಲಿ ಮರಳಿನಲ್ಲಿ ಬುಡ ಹೂಳುವ ವಂಶವೊಂದು, ಬಂಡೆಯನ್ನು ಅಪ್ಪಿ ಬಾಳುವ ವಂಶವೊಂದು; ಬುಡ ಮಾಸಲಾಗಿದ್ದರೆ ಮರಳಿನದು, ಬುಡದಲ್ಲಿ ನೇರಳೆ ಗುಳ್ಳೆಗಳಿದ್ದರೆ ಬಂಡೆಯದು. ನೆಲೆ ತಪ್ಪಿದರೆ ಅದು ಕಾಲು ಕಿತ್ತು ತೇಲುತ್ತದೆ. ತೇಲಿದ್ದು ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರಾಗಿ, ಅದರ ನಂಜಿನಿಂದ ತೊಟ್ಟಿಯ ಜೀವಕುಲವೆಲ್ಲ ಅಳಿಯುತ್ತದೆ. ಆ ಜೀವಕುಲದಲ್ಲಿ ಕೆದಿಲಾಯನ ಧರ್ಮಪತ್ನಿ ಸುಗುಣಮ್ಮ ಮಕ್ಕಳಂತೆ ಸಾಕಿದ ಬಿಳಿಪಟ್ಟೆಯ ಕೇಸರಿ ಮೀನಿನ ಜೋಡಿಯೂ ಇತ್ತು. ಅವಕ್ಕೆ ಮನೆಯಾಗಲೆಂದೇ ಈ ಜಮಖಾನೆ ಬಂದದ್ದು.

"ಮರಳಿನದೇ," ಎಂದು ಕೆದಿಲಾಯನು ಎಳೆಗಳ ಗಿಡ್ಡತನವೊಂದನ್ನೇ ನೋಡಿ ಸಾರಿದನು. ಮರಳಿನ ಮೇಲೆಯೇ ಅದನ್ನು ಕೂರಿಸಿದನು. ಬುಡವನ್ನು ಎತ್ತಿ ನೋಡಲಿಲ್ಲ. ಸಿದ್ಧಾಂತವು ಸ್ಪಷ್ಟವಾಗಿರುವಾಗ ಬುಡ ನೋಡುವುದು ಅಪನಂಬಿಕೆಯ ಲಕ್ಷಣವೆಂಬುದು ಅವನ ಮತ.

"ಎಂತದು ಮಾಷ್ಟ್ರೆ, ಬಂಡೆಯದ್ದನ್ನು ಮರಳಲ್ಲಿ ಇಟ್ಟಿದ್ದೀರಿ?"

ಹೊಸ್ತಿಲಲ್ಲಿ ನಿಂತು ಹೀಗೆ ಕಹಳೆಯೂದಿದವನು ದೂಮಣ್ಣ ಮಾರ್ಲ: ಪಕ್ಕದ ಮನೆಯವನು, ಸ್ವಯಂ ಉಪ್ಪುನೀರಿನ ತೊಟ್ಟಿಯ ಒಡೆಯನು, ಮೇಲಾಗಿ ತಾಳಮದ್ದಳೆಯಲ್ಲಿ ಕೆದಿಲಾಯನ ಶಾಶ್ವತ ಎದುರಾಳಿ. ವೇಷ ತೊಡದೆ, ಕುಣಿಯದೆ, ಕುಳಿತಲ್ಲಿಯೇ 'ಅರ್ಥ'ವೆಂಬ ಆಶುಮಾತಿನಿಂದ ಯುದ್ಧ ಮಾಡುವ ಆ ಕೂಟದಲ್ಲಿ ಒಬ್ಬನು ಕೃಷ್ಣನಾದರೆ ಇನ್ನೊಬ್ಬನು ಕೌರವನಾಗುವುದು ಊರಿಗೇ ಗೊತ್ತಿದ್ದ ಸಂಗತಿ.

ಇಬ್ಬರೂ ತೊಟ್ಟಿಯ ಎರಡು ಪಕ್ಕದಲ್ಲಿ ಕುರ್ಚಿ ಎಳೆದು ಕುಳಿತರು. ಕೆದಿಲಾಯನು ಗಂಟಲು ಸರಿಪಡಿಸಿಕೊಂಡನು.

"ಎಲವೋ ಮಾರ್ಲಕುಲಸಂಜಾತನೇ! ಗಿಡ್ಡವಾದ ಎಳೆ, ಚಪ್ಪಟೆಯಾದ ಮೈ, ಸ್ಥಿರವಾದ ಆಸನ, ಈ ಲಕ್ಷಣತ್ರಯವನ್ನು ಕಣ್ಣಾರೆ ಕಂಡೂ..."

"ಆಸನ ಸ್ಥಿರವಾ? ಬೆಳಿಗ್ಗೆಯಷ್ಟೇ ತಂದದ್ದಲ್ವಾ ಮಾರಾಯ್ರೆ!"

"ನಡುವೆ ಬಾಯಿ ಹಾಕಬೇಡಿ!" ಕೆದಿಲಾಯನು ತೊಟ್ಟಿಯಿಟ್ಟ ಮೇಜನ್ನೇ ಗುದ್ದಿದನು. ತೊಟ್ಟಿಯ ನೀರು ಕಂಪಿಸಿತು. "ಒಬ್ಬ ಅರ್ಥ ಹೇಳುವಾಗ ಇನ್ನೊಬ್ಬ ತುಟಿ ಬಿಚ್ಚಬಾರದು. ಇದು ಕೂಟದ ಧರ್ಮ. ಎಂಟನೇ ಕ್ಲಾಸಿನ ಮಕ್ಕಳಿಗೂ ನಾನು ಇದನ್ನೇ ಕಲಿಸಿದ್ದು. ನಿಮಗೆ ಗೊತ್ತಿಲ್ಲವೋ?"

"ಆಯ್ತು. ನಾನು ಮಾತಾಡುವಾಗಲೂ ಇದೇ ಕಾನೂನು. ಒಪ್ಪಿಗೆಯಾ?"

"ಪ್ರಾಣ ಹೋದರೂ ತಪ್ಪುವವನಲ್ಲ."

ಒಳಗಿನಿಂದ ಸುಗುಣಮ್ಮನ ಧ್ವನಿ ಬಂತು: "ಯಾರ ಪ್ರಾಣ ಹೋದ್ರೂ ಪರವಾಗಿಲ್ಲ. ನನ್ನ ಮೀನು ಸತ್ರೆ ಮಾತ್ರ ಇಬ್ಬರಿಗೂ ಕಾಫಿ ಇಲ್ಲ."

ಕೆದಿಲಾಯನು ಮರಳಿನ ಪಕ್ಷವನ್ನು ಶ್ರುತಿಸ್ಮೃತಿಗಳ ಎತ್ತರಕ್ಕೇರಿಸಿ, ಬಂಡೆಯ ಪಕ್ಷವನ್ನು ರಸಾತಲಕ್ಕಿಳಿಸಿ, ಬೆವರೊರೆಸಿಕೊಂಡು ಸರದಿ ಬಿಟ್ಟುಕೊಟ್ಟನು. ಆಗ ಮಾರ್ಲನು ಕಣ್ಣು ಮುಚ್ಚಿದನು. ಅರ್ಥ ಹೇಳುವಾಗ ಕಣ್ಣು ಮುಚ್ಚುವುದು ಅವನ ಅಭ್ಯಾಸ.

"ಎಲೈ ಕೆದಿಲಾಯಾಗ್ರಣಿಯೇ! ಸಾಗರವು ಸೃಷ್ಟಿಯಾದಂದು, ಬಂಡೆಯು ಮೊದಲೋ ಮರಳು ಮೊದಲೋ ಎಂಬ ಪ್ರಶ್ನೆಯು ಉದ್ಭವಿಸಿದಾಗ, ಬಂಡೆಯೇ ಸವೆದು ಮರಳಾಯಿತೆಂಬ ಸತ್ಯವನ್ನು ಮನಗಂಡ ದೇವತೆಗಳು ಅಂದಿನಿಂದ ಇಂದಿನವರೆಗೂ..."

ಈ ಮಹಾವಾಕ್ಯವು ದೇವತೆಗಳನ್ನು ದಾಟಿ ದಾನವರತ್ತ ಹೊರಟಿದ್ದಾಗ, ತೊಟ್ಟಿಯೊಳಗೆ ಜಮಖಾನೆಯು ಮೆಲ್ಲಗೆ ಅಂಚು ಮಡಚಿತು. ಉಬ್ಬಿತು. ಮರಳಿನಿಂದ ಕಾಲು ಕಿತ್ತಿತು.

ಕೆದಿಲಾಯನು ಕಂಡನು. ಪ್ರಾಣಿಯು ತಲೆಕೆಳಗಾಗಿ ಮಗುಚಿ, ಇದುವರೆಗೆ ಮುಚ್ಚಿಟ್ಟಿದ್ದ ಬುಡವನ್ನು ಅವನ ಮೂಗಿನೆದುರಿಗೇ ತಂದು ಹಿಡಿಯಿತು. ಬುಡದ ಸುತ್ತ ಸಾಲುಸಾಲಾಗಿ ನೇರಳೆ ಗುಳ್ಳೆಗಳು. ಬಂಡೆಯ ವಂಶವೇ. ಸಂಶಯವಿಲ್ಲ.

ಹೃದಯದಲ್ಲಿ ಘೋರ ಸಂಗ್ರಾಮವೆದ್ದಿತು. ಬಾಯಿ ತೆರೆದರೆ ಕೂಟದ ಧರ್ಮಕ್ಕೆ ಭಂಗ. ತೆರೆದು ನಿಜ ಹೇಳಿದರೆ ಸ್ವಂತ ಸಿದ್ಧಾಂತಕ್ಕೆ ತರ್ಪಣ. ತೆರೆಯದಿದ್ದರೆ? ಜಮಖಾನೆಯು ತೇಲುತ್ತ ಪಂಪಿನ ಕಡೆಗೆ ಹೊರಟಿತ್ತು. ಮಾರ್ಲನ ಕಣ್ಣು ಮುಚ್ಚಿಯೇ ಇತ್ತು. ಯಾರೂ ನೋಡಲಿಲ್ಲ. ನಿಯಮ ಪಾಲಿಸಿದೆನೆಂದು ಹೇಳಿ ತಲೆಯೆತ್ತಿ ನಡೆಯಬಹುದಾಗಿತ್ತು. ಎಷ್ಟು ಮಂದಿ ಸಜ್ಜನರು ಹೀಗೆಯೇ ಸುಮ್ಮನೆ ಕುಳಿತು, ಮರ್ಯಾದೆಯನ್ನು ಗುರಾಣಿಯಾಗಿ ಹಿಡಿದು, ಕಣ್ಣೆದುರಿನ ಅನ್ಯಾಯಕ್ಕೆ ಸಾಕ್ಷಿಗಳಾಗಿಲ್ಲ! ಧಿಕ್ಕಾರವಿರಲಿ ಅಂಥ ಮರ್ಯಾದೆಗೆ!

ಕೆದಿಲಾಯನು ಕೆಮ್ಮಿದನು. ಮಾರ್ಲನು ಅದನ್ನು ಮೆಚ್ಚುಗೆಯೆಂದು ತಿಳಿದು ಪಾತಾಳಕ್ಕಿಳಿದನು. ಜಮಖಾನೆಯ ಅಂಚು ಪಂಪಿನ ಜಾಲರಿಯನ್ನು ಮುಟ್ಟಿತು. ಕೇಸರಿ ಮೀನುಗಳು ಮೂಲೆಗೆ ಸರಿದವು.

ಆಗ ಆ ಪಂಡಿತನು, ಮೂವತ್ತು ವರ್ಷ ಮಕ್ಕಳಿಗೆ ಅಲಂಕಾರಶಾಸ್ತ್ರ ಬೋಧಿಸಿದ ಆ ವಾಗ್ಮಿಯು, ತನ್ನ ಜೀವಮಾನದ ಅತ್ಯುನ್ನತ ಉದ್ಗಾರವನ್ನು ಮಾಡಿದನು:

"ಪ್ಲಗ್! ಸುಗುಣಾ, ಪ್ಲಗ್!"

ಕಾಫಿ ಹಿಡಿದು ಬರುತ್ತಿದ್ದ ಸುಗುಣಮ್ಮ ತಟ್ಟೆಯನ್ನು ಮಾರ್ಲನ ಮಡಿಲಲ್ಲಿಟ್ಟು ಓಡಿಹೋಗಿ ಪಂಪಿನ ಪ್ಲಗ್ ಕಿತ್ತಳು. ಕೆದಿಲಾಯನು ಅಂಗಿಯ ತೋಳನ್ನೂ ಮಡಚದೆ ಹೆಗಲವರೆಗೆ ಕೈಯಿಳಿಸಿದನು. ಎಳೆಗಳು ಬೆರಳಿಗೆ ಅಂಟಿ ಚುರುಗುಟ್ಟಿದವು; ಆದರೂ ಅದನ್ನು ಜಾಲರಿಯಿಂದ ಬಿಡಿಸಿ, ಬಂಡೆಯ ಸಂದಿನಲ್ಲಿ ಬುಡವೂರಿಸಿ ಹಿಡಿದನು. ಹಜಾರದ ತುಂಬ ಉಪ್ಪುನೀರು ಹರಿಯಿತು. ನಿಧಾನವಾಗಿ ಬುಡವು ಬಂಡೆಯನ್ನು ಕಚ್ಚಿತು.

"ಇದು ಅಧರ್ಮ!" ಮಾರ್ಲನು ಕಾಫಿಯ ತಟ್ಟೆ ಹಿಡಿದುಕೊಂಡೇ ಗರ್ಜಿಸಿದನು. "ನಡುವೆ ಬಾಯಿ ಹಾಕಿದ್ದು ಯಾರು ಈಗ?"

"ನಾನೇ." ಕೆದಿಲಾಯನ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಬುಡ ಕಂಡೆ ದೂಮಣ್ಣ. ನೇರಳೆ ಗುಳ್ಳೆ ಉಂಟು. ನಿಮ್ಮದೇ ಸರಿ. ನಾನು ಮೊದಲೇ ಎತ್ತಿ ನೋಡಬೇಕಿತ್ತು."

ವಿಜಯಲಕ್ಷ್ಮಿಯು ಕೊರಳಿಗೆ ಮಾಲೆ ಹಾಕಿದರೂ ಮಾರ್ಲನ ಮುಖ ಬಾಡಿತು.

"ಸರಿ ಅಂತ ನೀವೇ ಹೇಳಿದ್ರೆ ಹೇಗೆ ಮಾಷ್ಟ್ರೆ? ನನ್ನ ವಾಕ್ಯ ಮುಗಿಯಲೇ ಇಲ್ಲ. ದೇವತೆಗಳು ಇನ್ನೂ ಪಾತಾಳದಲ್ಲೇ ಇದ್ದಾರೆ."

"ಅವರು ಅಲ್ಲೇ ಇರಲಿ," ಎಂದು ಸುಗುಣಮ್ಮ ಮೈಯೊರೆಸುವ ಹಳೆಯ ಬೈರಾಸವನ್ನು ಎರಡಾಗಿ ಹರಿದು ಇಬ್ಬರ ಕೈಗೂ ಒಂದೊಂದು ಕೊಟ್ಟಳು. "ಗೆದ್ದವರು ಸೋಫಾದ ಅಡಿ. ಸೋತವರು ಟೀವಿಯ ಹಿಂದೆ."

ವೀರರಿಬ್ಬರೂ ಮಂಡಿಯೂರಿದರು. ಬಂಡೆಯ ಮೇಲೆ ಜಮಖಾನೆಯು ರಾಜಸಭೆಯ ಹಾಸಿನಂತೆ ಅರಳಿತು. ಕೇಸರಿ ಮೀನುಗಳು ಅದರ ಸುತ್ತ ಒಮ್ಮೆ ಸುಳಿದವು, ನೋಡಿದವು, ತಿರುಗಿದವು. ತಮ್ಮ ಹಳೆಯ ತೆಂಗಿನ ಚಿಪ್ಪಿನೊಳಗೆ ಹೋಗಿ ಕುಳಿತುಕೊಂಡವು.

"ಮಾಷ್ಟ್ರೆ," ಸೋಫಾದ ಅಡಿಯಿಂದ ಧ್ವನಿ ಬಂತು, "ಒರೆಸುವಾಗ ಹೇಳಬಹುದಾ? ಸ್ವಲ್ಪವೇ ಉಳಿದದ್ದು."

"ಹೇಳಿ," ಎಂದನು ಕೆದಿಲಾಯನು ಬಟ್ಟೆ ಹಿಂಡುತ್ತ.