ಶಿರಸ್ತೇದಾರರ ಡಬ್ಬಿ ವಿಲೇವಾರಿ

ಹೆಂಡತಿ ಊರಿಗೆ ಹೋದ ದಿನ ಗಂಡಂದಿರು ಮನೆಯಲ್ಲಿ ತೆಪ್ಪಗೆ ಕೂತಿದ್ದರೆ ಎಷ್ಟೋ ಸಂಸಾರಗಳು ಸುಖವಾಗಿರುತ್ತಿದ್ದವು. ಆದರೆ ತೆಪ್ಪಗೆ ಕೂರುವುದು ಎಲ್ಲರ ಕೈಲಾಗುವ ಕೆಲಸವೇ? ವಿನೋಬನಗರದ ವಿಜಯಕುಮಾರ್ ಅವರ ಕೈಲಂತೂ ಆಗಲಿಲ್ಲ.

ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಒಂದೇ ಒಂದು ಆಸೆ: ಮಧ್ಯಾಹ್ನ ಉಂಡು ಒಂದು ಸಣ್ಣ ನಿದ್ದೆ. (ಸರ್ವಿಸಿನಲ್ಲಿದ್ದಾಗ ಅದು ಕುರ್ಚಿಯಲ್ಲೇ ಆಗಿಬಿಡುತ್ತಿತ್ತು, ಆ ಮಾತು ಬೇರೆ.) ಹಾಲಿನಲ್ಲಿ ಮಲಗೋಣವೆಂದರೆ ಓಣಿಯ ಹೆಂಗಸರೆಲ್ಲ ಧಾರಾವಾಹಿ ನೋಡಲು ಅಲ್ಲೇ ಸೇರುತ್ತಿದ್ದರು. ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚ ಹಾಕಿಕೊಳ್ಳೋಣವೆಂದರೆ ಅಲ್ಲಿ ನೆಲದಿಂದ ಅಟ್ಟದವರೆಗೂ ಸ್ಟೀಲ್ ಡಬ್ಬಿಗಳ ಸಾಮ್ರಾಜ್ಯ.

ಹೀಗಿರುವಾಗ ಮೊಬೈಲಿನಲ್ಲಿ ಒಬ್ಬ ಮಹಾನುಭಾವ ‘ಸರಳ ಜೀವನ’ದ ಬಗ್ಗೆ ಉಪದೇಶ ಮಾಡುವುದು ಅವರ ಕಣ್ಣಿಗೆ ಬಿತ್ತು. ಉಪದೇಶ ಅಷ್ಟೇನೂ ತಲೆಗೆ ಹೋಗಲಿಲ್ಲ. ಆದರೆ ಆತನ ಹಿಂದಿದ್ದ ಖಾಲಿ ಕೋಣೆಯನ್ನು ನೋಡಿಯೇ ವಿಜಯಕುಮಾರರಿಗೆ ಆಕಳಿಕೆ ಬಂತು.

“ಸರೋಜಾ, ಈ ಡಬ್ಬಿ ತೆಗದ್ರೆ ಇಲ್ಲಿ ಒಂದು ಮಂಚ ಆರಾಮಾಗಿ ಹಿಡಿತೈತೆ.”

“ಹಿಡಿತೈತೆ. ಡಬ್ಬಿ ಎಲ್ಲಿಡ್ಲಿ, ನಿಮ್ಮ ತಲಿ ಮ್ಯಾಲೆ?”

“ಇರಾದು ಇಬ್ರು. ಇಷ್ಟು ಡಬ್ಬಿ ಯಾಕ ಬೇಕು?”

“ಯಾಕ ಬೇಕು ಅಂತ ನಿಮಗೆ ತಿಳಿಸಿ ಹೇಳಾದ್ರಾಗೆ ನನ್ನ ಬಸ್ಸು ಹೋಗ್ತೈತೆ. ಸಂಜಿಗೆ ಬರ್ತೀನಿ. ಏನೂ ಮುಟ್ಟಬ್ಯಾಡ್ರಿ!” ಎಂದು ಸರೋಜಮ್ಮ ಬ್ಯಾಗು ಹಿಡಿದು ಹರಿಹರದ ತಂಗಿಯ ಮನೆಗೆ ಹೊರಟರು.

‘ಮುಟ್ಟಬ್ಯಾಡ್ರಿ’ ಎಂದ ಮೇಲೆ ಮುಟ್ಟದೆ ಇರಲಾದೀತೆ? ಬಸ್ಸು ಊರು ದಾಟುವ ಮೊದಲೇ ವಿಜಯಕುಮಾರ್ ಕೋಣೆಗೆ ಇಳಿದರು. ಒಂದು ಡಬ್ಬಿ ತೆಗೆದು ಮಗುಚಿ ನೋಡುತ್ತಾರೆ, ತಳದಲ್ಲಿ ಕೊರೆದ ಹೆಸರು: ಶಹಜಾದಿ. ಇನ್ನೊಂದು ತೆಗೆದರು: ಸುಂಕಲಮ್ಮ. ಮತ್ತೊಂದು: ಓಬಕ್ಕ. ಕೋಣೆಯ ಮುಕ್ಕಾಲು ಡಬ್ಬಿಗಳು ಓಣಿಯವರವೇ! ಶಿರಸ್ತೇದಾರರು ಹೌಹಾರಿದರು. ಪರಸ್ವತ್ತು! ಅಕ್ರಮ ಸ್ವಾಧೀನ! ಅದೂ ತಮ್ಮದೇ ಸೂರಿನಡಿ! ಮರುಕ್ಷಣವೇ ಭಾರಿ ಖುಷಿಯೂ ಆಯಿತು. ಅವರವರ ಮಾಲು ಅವರವರಿಗೆ ಮುಟ್ಟಿಸುವುದಕ್ಕೆ ಹೆಂಡತಿಯ ಅಪ್ಪಣೆ ಏಕೆ ಬೇಕು?

ಎರಡು ಗೋಣಿಚೀಲಕ್ಕೆ ಡಬ್ಬಿ ತುಂಬಿಕೊಂಡು ಮನೆಮನೆಗೆ ಹೊರಟರು. ಎದುರುಮನೆಯ ಶಹಜಾದಿ ನಗುನಗುತ್ತಾ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದರು. ಒಳಗೆ ನೋಡಿದರು. ನಗು ಆರಿತು.

“ಸರೋಜಕ್ಕ ಏನೂ ಹೇಳಿಲ್ಲೇನ್ರಿ ಅಣ್ಣಾರೆ?”

“ಏನೂ ಇಲ್ಲಮ್ಮ. ನಿಮ್ಮೊಬ್ಬರದೇ ಅಲ್ಲ, ಇವತ್ತು ಎಲ್ಲಾರ್ದೂ ಕೊಡಾಕ ಹತ್ತೀನಿ” ಎಂದು ಶಿರಸ್ತೇದಾರರು ಅಭಿಮಾನದಿಂದ ಹೇಳಿ ಮುಂದಿನ ಮನೆಗೆ ನಡೆದರು.

ಆ ಓಣಿಯಲ್ಲಿ ಒಂದು ಪದ್ಧತಿಯಿದೆ. ತಿಂಡಿ ತುಂಬಿಕೊಂಡು ಬಂದ ಡಬ್ಬಿ ಖಾಲಿ ವಾಪಸು ಹೋಗುವಂತಿಲ್ಲ. ಶೇಂಗಾ ಚಟ್ನಿಪುಡಿ ಬಂದ ಡಬ್ಬಿಯಲ್ಲಿ ಕರ್ಜಿಕಾಯಿ ಹೋಗಬೇಕು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹೋಗಬೇಕು. ಅಲ್ಲಿಯವರೆಗೆ ಡಬ್ಬಿ ಇದ್ದಲ್ಲೇ ಇರುತ್ತದೆ, ಕೊಟ್ಟವರೂ ಕೇಳುವುದಿಲ್ಲ. ಎಲ್ಲರ ಡಬ್ಬಿಯೂ ಒಂದೇ ದಿನ ಖಾಲಿ ಬಂತೆಂದರೆ ಒಂದೋ ಆ ಮನೆಯವರು ಓಣಿಯ ಮೇಲೇ ಮುನಿಸಿಕೊಂಡಿದ್ದಾರೆ, ಇಲ್ಲವೇ ಮನೆ ಬಿಟ್ಟು ಹೋಗುತ್ತಿದ್ದಾರೆ. ಸರೋಜಮ್ಮ ಮುನಿಸಿಕೊಳ್ಳುವ ಹೆಂಗಸಲ್ಲ. ಮೇಲಾಗಿ ಬೆಳಿಗ್ಗೆ ಅವರು ಬ್ಯಾಗು ಹಿಡಿದು ಹೋದದ್ದನ್ನು ಸುಂಕಲಮ್ಮ ಕಣ್ಣಾರೆ ಕಂಡಿದ್ದರು. ಜೀವಮಾನದಲ್ಲಿ ಒಂದು ಡಬ್ಬಿಯನ್ನೂ ಯಾರ ಮನೆಗೂ ಮುಟ್ಟಿಸದ ವಿಜಯಕುಮಾರರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಕೋಣೆಯಲ್ಲಿ ಖಾಲಿಯಾದ ಜಾಗಕ್ಕೆ ಮಂಚ ಹಾಕಿ, ಫ್ಯಾನು ತಿರುಗಿಸಿ, ಗೊರಕೆ ಹೊಡೆದರು. ಆಹಾ, ಎಂಥ ನಿದ್ದೆ!

ಎಚ್ಚರವಾದದ್ದು ಅಳುವ ಸದ್ದಿಗೆ. ಹೊರಗೆ ಬಂದರೆ ಹಾಲಿನ ತುಂಬ ಹೆಂಗಸರು. ಎಲ್ಲರ ಕೈಯಲ್ಲೂ ಬಿಸಿಬಿಸಿ ಡಬ್ಬಿ, ಎಲ್ಲರ ಕಣ್ಣಲ್ಲೂ ನೀರು. ಬಾಗಿಲಲ್ಲಿ ಮೂಲೆಮನೆಯ ಮುರುಗೇಶಪ್ಪ.

“ಸರ, ಮನಿ ಬಾಡಿಗಿಗೆ ಕೊಡ್ತೀರೋ, ಮಾರ್ತೀರೋ? ನಮ್ಮ ಅಳಿಯಗೆ ನೋಡಾಕ ಹತ್ತಿದ್ದೆ.”

ವಿಜಯಕುಮಾರ್ ಬಾಯಿ ತೆರೆಯುವಷ್ಟರಲ್ಲಿ ಆಟೋ ನಿಂತಿತು. ಹೊಸ್ತಿಲ ಹೊರಗೆ ಚಪ್ಪಲಿ ರಾಶಿ, ಒಳಗೆ ಅಳು. ಸರೋಜಮ್ಮ ಜನರನ್ನು ಸರಿಸಿಕೊಂಡು ನುಗ್ಗಿ ಬಂದು ಗಂಡನ ಕೈ ಹಿಡಿದು ನೋಡಿದರು. ಬೆಚ್ಚಗಿತ್ತು.

“ಅಬ್ಬ, ಅದೀರಾ!”

ಅಷ್ಟರಲ್ಲಿ ಸುಂಕಲಮ್ಮ ಅವರ ಕೊರಳಿಗೆ ಜೋತುಬಿದ್ದರು. “ಒಂದು ಮಾತು ಹೇಳ್ಲಿಲ್ಲಲ್ಲೇ ಸರೋಜಾ! ಅಣ್ಣಾರು ಹೋಗ್ತೀನಂದ್ರೆ ಹೋಗ್ಲಿ ಬಿಡು. ನೀನ್ಯಾಕ ಹೋಗ್ಬೇಕು? ನೀ ನಮ್ಮನ್ಯಾಗ ಇರು!”

“ಹೌದವ್ವ, ಅವರು ಹೋಗ್ಲಿ!” ಎಂದು ಹಾಲಿಗೆ ಹಾಲೇ ಅನುಮೋದಿಸಿತು.

ಸರೋಜಮ್ಮ ನಿಧಾನಕ್ಕೆ ಗಂಡನ ಕಡೆ ತಿರುಗಿದರು. “ಏನ್ ಮಾಡಿದ್ರಿ?”

“ಅವರವರ ಡಬ್ಬಿ ಅವರವರಿಗೆ ಕೊಟ್ಟೆ.”

“ಖಾಲಿ?”

“ಛೆ ಛೆ, ತೊಳದು, ಒರಸಿ ಕೊಟ್ಟೀನಿ.”

ಮೊದಲು ನಕ್ಕವರು ಶಹಜಾದಿ. “ಅಯ್ಯೋ, ನಾನು ಅಳ್ತಾ ಅಳ್ತಾ ಹಲ್ವ ತಿರುವೀನಿ. ಉಪ್ಪಾಗಿದ್ರೆ ಅಣ್ಣಾರೇ ಜವಾಬ್ದಾರಿ!” ಅಲ್ಲಿಂದ ನಗು ಹತ್ತಿಕೊಂಡಿತು. ಅತ್ತ ಕಣ್ಣುಗಳಿಂದಲೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂದ ಡಬ್ಬಿಯನ್ನು ಮಾತ್ರ ಒಬ್ಬರೂ ವಾಪಸು ಒಯ್ಯಲಿಲ್ಲ. ಬೆಳಿಗ್ಗೆ ಹೋದವೆಲ್ಲ ತುಂಬಿಕೊಂಡು ಬಂದಿದ್ದವು, ಜೊತೆಗೆ ಹೊಸವೂ ಬಂದಿದ್ದವು. ಕೋಣೆಯ ಹಲಗೆಗಳು ಸಾಲದೆ ಮಿಕ್ಕವನ್ನು ಮಂಚದ ಮೇಲೆ ಜೋಡಿಸಿದರು. ದಿಂಬಿನ ಮೇಲೆ ಶೇಂಗಾ ಹೋಳಿಗೆ ಮಲಗಿತು.

ವಿಜಯಕುಮಾರ್ ಹಲ್ವದ ಡಬ್ಬಿಯೊಂದಿಗೆ ಬಾಗಿಲ ಬಳಿ ನೆಲದ ಮೇಲೆ ಕೂತರು. ಹಲ್ವ ಸೊಗಸಾಗಿತ್ತು. ಹೋಗಲಿ, ನಿದ್ದೆ ಒಂದು ದಿನವಾದರೂ ಆಯಿತಲ್ಲ ಎಂದುಕೊಂಡರು.

ಸುಂಕಲಮ್ಮನಿಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. “ಹಂಗಾದ್ರೆ ಯಾರೂ ಹೋಗಾದಿಲ್ಲ?” ಎಂದು ವಿಜಯಕುಮಾರರ ಕಡೆ ನೋಡಿ, ತುಸು ನಿರಾಸೆಯಿಂದಲೇ ಕೇಳಿದರು, “ಇವರೂ?”

ಸರೋಜಮ್ಮ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. “ಇರ್ಲಿ ಬಿಡವ್ವ. ಹಳೇದಾದ್ರೂ ಮನ್ಯಾಗಿಂದು. ಒಂದು ಮೂಲ್ಯಾಗ ಇರ್ತಾರೆ.”

ಬಾಯಿ ತುಂಬ ಹಲ್ವ ಇದ್ದುದರಿಂದ ಶಿರಸ್ತೇದಾರರು ಯಾವ ಆಕ್ಷೇಪಣೆಯನ್ನೂ ಸಲ್ಲಿಸಲಿಲ್ಲ.